ಇನ್ಸುಲಿನ್ ಪವಾಡವೂ ಅಲ್ಲ, ವಿಷವೂ ಅಲ್ಲ: ಡಾ. ಫ್ರೆಡರಿಕ್ ಬ್ಯಾಂಟಿಂಗ್ ಅವರ ಬದುಕಿನ ಕಥೆ

ನವೆಂಬರ್ 14 ಎಂದರೆ ನಮಗೆ ಮಕ್ಕಳ ದಿನಾಚರಣೆ, ಜವಾಹರಲಾಲ್ ನೆಹರೂ ಅವರ ಹುಟ್ಟುಹಬ್ಬ. ಅದೇ ದಿನವನ್ನು ಜಗತ್ತು ವಿಶ್ವ ಮಧುಮೇಹ ದಿನ ಎಂದೂ ಆಚರಿಸುತ್ತದೆ. ನೆಹರೂ ಹುಟ್ಟಿ ಸರಿಯಾಗಿ ಎರಡು ವರ್ಷಕ್ಕೆ, 1891ರ ನವೆಂಬರ್ 14ರಂದು, ಕೆನಡಾದ ಒಂದು ರೈತ ಕುಟುಂಬದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದರು. ಸಕ್ಕರೆ ಕಾಯಿಲೆಯ ಚಿಕಿತ್ಸೆಯನ್ನೇ ಬದಲಿಸಿದ ಇನ್ಸುಲಿನ್ ಜೊತೆಗೆ ಮೊದಲು ನೆನಪಾಗುವ ಹೆಸರು ಅವರದು.

ಈ ವಿಷಯದಲ್ಲಿ ನಮ್ಮ ಮೊಬೈಲಿಗೆ ಎರಡು ಬಗೆಯ ಸಂದೇಶಗಳು ಬರುತ್ತವೆ. ಒಂದರಲ್ಲಿ ಇನ್ಸುಲಿನ್ ಪವಾಡ. ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ ಐವತ್ತು ಮಕ್ಕಳು ಕೋಮಾದಲ್ಲಿ ಮಲಗಿರುತ್ತಾರೆ, ಪಕ್ಕದಲ್ಲಿ ತಂದೆ ತಾಯಿ ಅಳುತ್ತಿರುತ್ತಾರೆ. ವಿಜ್ಞಾನಿಗಳು ಒಂದೊಂದೇ ಮಂಚಕ್ಕೆ ಹೋಗಿ ಇಂಜೆಕ್ಷನ್ ಕೊಡುತ್ತಾರೆ. ಕೊನೆಯ ಮಗುವಿಗೆ ಸೂಜಿ ಚುಚ್ಚುವಷ್ಟರಲ್ಲಿ ಮೊದಲನೆಯ ಮಗು ಕಣ್ಣು ಬಿಟ್ಟು ಎದ್ದು ಕೂರುತ್ತದೆ. ಇನ್ನೊಂದು ಬಗೆಯ ಸಂದೇಶದಲ್ಲಿ ಇನ್ಸುಲಿನ್ ವಿಷ. ಒಮ್ಮೆ ಶುರು ಮಾಡಿದರೆ ಬಿಡಲಾಗದ ಚಟ, ಕಣ್ಣು ಕಿಡ್ನಿ ಹಾಳು ಮಾಡುವ ಮದ್ದು, ಕಂಪನಿಗಳ ವ್ಯಾಪಾರ. ಅದನ್ನು ಬಿಟ್ಟು ಇಂಥ ಎಲೆಯ ರಸ ಕುಡಿಯಿರಿ ಎಂಬ ಸಲಹೆ.

ಎರಡೂ ನಿಜವಲ್ಲ. ಮೊದಲನೆಯದರಿಂದ ದೊಡ್ಡ ಹಾನಿಯೇನೂ ಇಲ್ಲ. ಎರಡನೆಯದನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಅದು ಯಾಕೆ ಎಂದು ತಿಳಿಯಲು ಬ್ಯಾಂಟಿಂಗ್ ಅವರ ಬದುಕನ್ನು ಒಮ್ಮೆ ನೋಡಿದರೆ ಸಾಕು.

ಇನ್ಸುಲಿನ್ ಇಲ್ಲದ ಕಾಲ ಹೇಗಿತ್ತು?

ನಾವು ತಿಂದ ಅನ್ನ, ಮುದ್ದೆ, ರೊಟ್ಟಿ ಹೊಟ್ಟೆಯಲ್ಲಿ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿರುವ ಈ ಸಕ್ಕರೆ ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳ ಒಳಗೆ ಹೋಗಬೇಕಾದರೆ ಇನ್ಸುಲಿನ್ ಬೇಕು. ಅದನ್ನು ಹೀಗೆ ಯೋಚಿಸಿ: ಸಕ್ಕರೆ ಮನೆ ಬಾಗಿಲಿಗೆ ಬಂದು ನಿಂತಿದೆ, ಬಾಗಿಲು ತೆರೆಯುವ ಬೀಗದ ಕೈ ಇನ್ಸುಲಿನ್. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ ಇದನ್ನು ತಯಾರಿಸುತ್ತದೆ. ಆರೋಗ್ಯವಂತ ಮನುಷ್ಯರೆಲ್ಲರ ದೇಹದಲ್ಲೂ ಹಗಲು ರಾತ್ರಿ ಇನ್ಸುಲಿನ್ ತಯಾರಾಗುತ್ತಲೇ ಇರುತ್ತದೆ. ಅಂದರೆ ಇದು ಹೊರಗಿನಿಂದ ಬಂದ ಅಪರಿಚಿತ ರಾಸಾಯನಿಕವಲ್ಲ.

ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ನಾಶ ಮಾಡುತ್ತದೆ. ಇದು ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಜೀವಕೋಶಗಳಿಗೆ ಉಪವಾಸ. ದೇಹ ತನ್ನದೇ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸಿಕೊಳ್ಳಲು ಶುರು ಮಾಡುತ್ತದೆ. ಹೀಗೆ ಕೊಬ್ಬು ವಿಪರೀತ ಕರಗಿದಾಗ ಕೀಟೋನ್ ಎಂಬ ಆಮ್ಲೀಯ ವಸ್ತುಗಳು ರಕ್ತದಲ್ಲಿ ಸೇರಿಕೊಳ್ಳುತ್ತವೆ. ವಾಂತಿ, ಏದುಸಿರು, ಮಂಪರು, ಕೊನೆಗೆ ಕೋಮಾ.

1920ರ ತನಕ ಇಂಥ ಮಕ್ಕಳಿಗೆ ವೈದ್ಯರ ಬಳಿ ಇದ್ದ ದಾರಿ ಒಂದೇ: ಊಟ ಕಡಿಮೆ ಮಾಡುವುದು. ಅಮೆರಿಕದ ಡಾ. ಫ್ರೆಡರಿಕ್ ಆಲನ್ ರೂಪಿಸಿದ ಪಥ್ಯದಲ್ಲಿ ಮಕ್ಕಳಿಗೆ ಜೀವ ಹಿಡಿದುಕೊಳ್ಳುವಷ್ಟೇ ಆಹಾರ ಸಿಗುತ್ತಿತ್ತು. ಅದರಿಂದ ಕೆಲವರು ಒಂದೆರಡು ವರ್ಷ ಹೆಚ್ಚು ಬದುಕಿದ್ದು ನಿಜ. ಆದರೆ ಅದು ಎಲುಬಿನ ಹಂದರದಂತಾಗಿ, ಹಸಿವಿನಲ್ಲೇ ಬದುಕಿದ ಬದುಕು. ಪಥ್ಯ ಮೀರಿದರೆ ಕೋಮಾ, ಪಥ್ಯ ಪಾಲಿಸಿದರೆ ನಿಧಾನವಾಗಿ ಸೊರಗುವುದು. ಈ ಎರಡರ ನಡುವೆ ತಂದೆ ತಾಯಿ ದಿನ ಎಣಿಸುತ್ತಿದ್ದರು. ಔಷಧವಿಲ್ಲದೆ ಬರೀ ಪಥ್ಯದಿಂದ ಎಲ್ಲ ಬಗೆಯ ಮಧುಮೇಹವನ್ನೂ ನಿಭಾಯಿಸಬಹುದು ಎಂದು ಹೇಳುವ ಸಂದೇಶ ಬಂದಾಗ ಈ ಮಕ್ಕಳನ್ನು ನೆನಪಿಸಿಕೊಳ್ಳಬೇಕು. ಆ ಪ್ರಯೋಗ ಆಗಲೇ ನಡೆದು ಹೋಗಿದೆ.

ತಿಂಗಳಿಗೆ 4 ಡಾಲರ್ ಸಂಪಾದನೆಯ ಡಾಕ್ಟರು

ಬ್ಯಾಂಟಿಂಗ್ ಅವರನ್ನು ಹುಟ್ಟು ಪ್ರತಿಭಾವಂತ ಎಂದು ಯಾರೂ ಕರೆದಿರಲಿಲ್ಲ. ಟೊರಾಂಟೊ ನಗರದ ಉತ್ತರಕ್ಕಿರುವ ಅಲಿಸ್ಟನ್ ಎಂಬ ಊರಿನ ಹತ್ತಿರ ಅವರ ಮನೆತನದ ಹೊಲವಿತ್ತು. ಮನೆಯ ಮಕ್ಕಳಲ್ಲಿ ಇವರೇ ಕೊನೆಯವರು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಮೊದಲು ಕಲಾ ವಿಭಾಗಕ್ಕೆ ಸೇರಿ, ಮೊದಲ ವರ್ಷವೇ ಫೇಲಾದರು. ಆಮೇಲೆ 1912ರಲ್ಲಿ ವೈದ್ಯಕೀಯ ಓದಲು ಸೇರಿದರು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಸೈನ್ಯಕ್ಕೆ ಡಾಕ್ಟರುಗಳು ಬೇಕಾಗಿದ್ದರಿಂದ ಅವರ ತರಗತಿಯನ್ನು ಬೇಗ ಮುಗಿಸಿ, 1916ರ ಕೊನೆಗೆ ಪದವಿ ಕೊಟ್ಟರು. ಬ್ಯಾಂಟಿಂಗ್ ಸೈನ್ಯದ ವೈದ್ಯರಾಗಿ ಯುರೋಪಿಗೆ ಹೋದರು. 1918ರಲ್ಲಿ ಫ್ರಾನ್ಸಿನ ಕ್ಯಾಂಬ್ರೆ ಬಳಿಯ ಕಾಳಗದಲ್ಲಿ ಶೆಲ್ಲಿನ ಚೂರು ಬಡಿದು ಅವರ ತೋಳಿಗೆ ಗಾಯವಾಯಿತು. ಗಾಯಗೊಂಡ ಮೇಲೂ ಇತರ ಸೈನಿಕರಿಗೆ ಚಿಕಿತ್ಸೆ ಮುಂದುವರಿಸಿದ್ದಕ್ಕೆ ಮಿಲಿಟರಿ ಕ್ರಾಸ್ ಪದಕ ಸಿಕ್ಕಿತು.

ಯುದ್ಧ ಮುಗಿಸಿ ಬಂದ ಶಸ್ತ್ರವೈದ್ಯರಿಗೆ ಊರಿನಲ್ಲಿ ಕೆಲಸ ಕಾದಿರಲಿಲ್ಲ. ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ತರಬೇತಿ ಆಯಿತು, ಕಾಯಂ ಹುದ್ದೆ ಸಿಗಲಿಲ್ಲ. 1920ರ ಜುಲೈನಲ್ಲಿ ಒಂಟಾರಿಯೊ ಪ್ರಾಂತ್ಯದ ಲಂಡನ್ ಎಂಬ ಪಟ್ಟಣದಲ್ಲಿ ಸ್ವಂತ ಕ್ಲಿನಿಕ್ ತೆರೆದರು. (ಇಂಗ್ಲೆಂಡಿನ ಲಂಡನ್ ಅಲ್ಲ.) ವಾರಗಟ್ಟಲೆ ಒಬ್ಬ ರೋಗಿಯೂ ಬರಲಿಲ್ಲ. ಮೊದಲ ತಿಂಗಳ ಸಂಪಾದನೆ 4 ಡಾಲರ್. ಹೊಟ್ಟೆಪಾಡಿಗೆ ಅಲ್ಲಿನ ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿಕೊಡುವ ಅರೆಕಾಲಿಕ ಕೆಲಸ ಹಿಡಿದರು.

ರಾತ್ರಿ 2 ಗಂಟೆಗೆ ಬರೆದಿಟ್ಟ ಯೋಚನೆ

1920ರ ಅಕ್ಟೋಬರ್ 30ರ ರಾತ್ರಿ. ದೇಹವು ಸಕ್ಕರೆಯನ್ನು ಹೇಗೆ ಬಳಸಿಕೊಳ್ಳುತ್ತದೆ ಎಂಬ ಪಾಠಕ್ಕೆ ಬ್ಯಾಂಟಿಂಗ್ ತಯಾರಿ ನಡೆಸುತ್ತಿದ್ದರು. ಈ ವಿಷಯ ಅವರಿಗೂ ಅಷ್ಟಾಗಿ ಗೊತ್ತಿರಲಿಲ್ಲ. ಮಲಗುವ ಮುಂಚೆ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಡಾ. ಮೋಸೆಸ್ ಬ್ಯಾರನ್ ಅವರ ಲೇಖನ ಓದಿದರು. ಮೇದೋಜೀರಕ ಗ್ರಂಥಿಯ ನಾಳದಲ್ಲಿ ಕಲ್ಲು ಕಟ್ಟಿಕೊಂಡ ಒಬ್ಬ ರೋಗಿಯ ವಿಚಾರ ಅದರಲ್ಲಿತ್ತು.

ಆ ಗ್ರಂಥಿ ಎರಡು ಕೆಲಸ ಮಾಡುತ್ತದೆ. ಅದರ ಬಹುಪಾಲು ಭಾಗ ಜೀರ್ಣರಸ ತಯಾರಿಸಿ ನಾಳದ ಮೂಲಕ ಕರುಳಿಗೆ ಬಿಡುತ್ತದೆ. ಅದರ ನಡುವೆ ಅಲ್ಲಲ್ಲಿ ಸಣ್ಣ ದ್ವೀಪಗಳಂತೆ ಬೇರೆ ಬಗೆಯ ಜೀವಕೋಶಗಳ ಗುಂಪುಗಳಿವೆ. 1869ರಲ್ಲಿ ಜರ್ಮನಿಯ ಪೌಲ್ ಲ್ಯಾಂಗರ್‌ಹಾನ್ಸ್ ಇವನ್ನು ಗುರುತಿಸಿದ್ದರು. 1889ರಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ವಿಜ್ಞಾನಿಗಳು ನಾಯಿಯ ಮೇದೋಜೀರಕ ಗ್ರಂಥಿ ತೆಗೆದಾಗ ಅದಕ್ಕೆ ತೀವ್ರ ಮಧುಮೇಹ ಬಂತು. ಸಕ್ಕರೆಯನ್ನು ಹತೋಟಿಯಲ್ಲಿಡುವ ಏನೋ ಒಂದು ವಸ್ತು ಆ ದ್ವೀಪಗಳಿಂದ ಬರುತ್ತಿರಬೇಕು ಎಂಬ ಊಹೆ ಬಲವಾಯಿತು. ಆದರೆ ಅದನ್ನು ಹೊರತೆಗೆದು ರೋಗಿಗೆ ಕೊಡುವ ಪ್ರಯತ್ನಗಳು ಫಲ ಕೊಟ್ಟಿರಲಿಲ್ಲ.

ಗ್ರಂಥಿಯನ್ನು ಅರೆಯುವಾಗ ಜೀರ್ಣರಸವೇ ಆ ವಸ್ತುವನ್ನು ತಿಂದು ಹಾಕುತ್ತಿರಬಹುದೇ ಎಂಬ ಸಂಶಯ ಬ್ಯಾಂಟಿಂಗ್ ಅವರಿಗೆ ಬಂತು. ನಾಳವನ್ನು ಕಟ್ಟಿದರೆ ಜೀರ್ಣರಸದ ಭಾಗ ಒಣಗಿ ಹೋಗುತ್ತದೆ, ದ್ವೀಪಗಳು ಉಳಿಯುತ್ತವೆ, ಆಗ ಅವುಗಳಿಂದ ಶುದ್ಧ ಸಾರ ತೆಗೆಯಬಹುದು. ರಾತ್ರಿ 2 ಗಂಟೆಗೆ ಎದ್ದು ಇದನ್ನು ನೋಟ್‌ಬುಕ್ಕಿನಲ್ಲಿ ಗೀಚಿಟ್ಟರು. ಅದರಲ್ಲಿ ಡಯಾಬಿಟಿಸ್ ಎಂಬ ಪದದ ಸ್ಪೆಲ್ಲಿಂಗೇ ತಪ್ಪಾಗಿತ್ತು!

ಕೆಲವೇ ದಿನಗಳಲ್ಲಿ ಅವರು ಟೊರಾಂಟೊ ವಿಶ್ವವಿದ್ಯಾಲಯದ ಪ್ರೊಫೆಸರ್ ಜಾನ್ ಮ್ಯಾಕ್ಲಿಯೋಡ್ ಅವರನ್ನು ಹೋಗಿ ಕಂಡರು. ಸ್ಕಾಟ್ಲೆಂಡಿನವರಾದ ಮ್ಯಾಕ್ಲಿಯೋಡ್ ಈ ವಿಷಯದಲ್ಲಿ ಹೆಸರಾದ ತಜ್ಞರು. ಸಂಶೋಧನೆಯ ಅನುಭವವಿಲ್ಲದ ಈ ಯುವ ವೈದ್ಯರ ಮಾತು ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಬಾಗಿಲು ಮುಚ್ಚಲಿಲ್ಲ. ಒಂದು ಪ್ರಯೋಗಾಲಯ, ಕೆಲವು ನಾಯಿಗಳು, ಒಬ್ಬ ವಿದ್ಯಾರ್ಥಿ ಸಹಾಯಕ, ಇಷ್ಟನ್ನು ಒದಗಿಸಿದರು. ಸಹಾಯಕ ಯಾರಾಗಬೇಕೆಂದು ಇಬ್ಬರು ವಿದ್ಯಾರ್ಥಿಗಳು ನಾಣ್ಯ ಚಿಮ್ಮಿ ತೀರ್ಮಾನಿಸಿದರು ಎಂಬ ಕಥೆ ಪ್ರಸಿದ್ಧ. ಮೊದಲ ಸರದಿ ಬಂದದ್ದು ಚಾರ್ಲ್ಸ್ ಬೆಸ್ಟ್ ಎಂಬ 22 ವರ್ಷದ ಹುಡುಗನಿಗೆ.

ಬೇಸಿಗೆ, ನಾಯಿಗಳು ಮತ್ತು ಅಳತೆ

1921ರ ಮೇ 17ರಂದು ಕೆಲಸ ಶುರುವಾಯಿತು. ಬ್ಯಾಂಟಿಂಗ್ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು, ಬೆಸ್ಟ್ ರಕ್ತ ಮತ್ತು ಮೂತ್ರದ ಸಕ್ಕರೆ ಅಳೆಯುತ್ತಿದ್ದರು. ಮೊದಲ ವಾರಗಳಲ್ಲಿ ಸೋಲಿನ ಮೇಲೆ ಸೋಲು. ಅನೇಕ ನಾಯಿಗಳು ಸತ್ತವು. ಇಂದು ಇನ್ಸುಲಿನ್ ಬಗ್ಗೆ ಮಾತಾಡುವಾಗ ಆ ಮೂಕಪ್ರಾಣಿಗಳ ಋಣವನ್ನೂ ಮರೆಯುವಂತಿಲ್ಲ.

ಜುಲೈ ಕೊನೆಯಲ್ಲಿ, ಗ್ರಂಥಿ ತೆಗೆದು ಮಧುಮೇಹ ಬರಿಸಿದ್ದ ಒಂದು ನಾಯಿಗೆ ತಾವು ತಯಾರಿಸಿದ ಸಾರವನ್ನು ಚುಚ್ಚಿದರು. ರಕ್ತದ ಸಕ್ಕರೆ ಇಳಿಯಿತು. ಮತ್ತೆ ಮತ್ತೆ ಮಾಡಿ ನೋಡಿದರು, ಮತ್ತೆ ಮತ್ತೆ ಇಳಿಯಿತು. ರಜೆಗೆ ಊರಿಗೆ ಹೋಗಿದ್ದ ಮ್ಯಾಕ್ಲಿಯೋಡ್ ಹಿಂತಿರುಗಿದ ಮೇಲೆ ಇದನ್ನು ಸುಮ್ಮನೆ ನಂಬಲಿಲ್ಲ. ಇನ್ನೂ ಪರೀಕ್ಷೆ ಮಾಡಿ, ಬೇರೆ ಕಾರಣದಿಂದ ಇಳಿದಿಲ್ಲ ಎಂದು ಖಚಿತಪಡಿಸಿ ಎಂದು ಒತ್ತಾಯಿಸಿದರು. ಬ್ಯಾಂಟಿಂಗ್ ಅವರಿಗೆ ಸಿಟ್ಟು ಬಂತು, ಇಬ್ಬರ ಸಂಬಂಧ ಕೆಟ್ಟಿತು. ಆದರೆ ಆ ಹಟದಿಂದಲೇ ಕೆಲಸ ಗಟ್ಟಿಯಾಯಿತು.

ಇಲ್ಲಿ ಒಂದು ಮುಖ್ಯ ಸಂಗತಿ. ಬ್ಯಾಂಟಿಂಗ್ ಅವರ ಆ ರಾತ್ರಿಯ ಯೋಚನೆ ಪೂರ್ತಿ ಸರಿಯಾಗಿರಲಿಲ್ಲ. ನಾಳ ಕಟ್ಟಿ ವಾರಗಟ್ಟಲೆ ಕಾಯುವ ಅಗತ್ಯವೇ ಇರಲಿಲ್ಲ. ಜೀರ್ಣರಸದಲ್ಲಿ ಪ್ರೋಟೀನ್ ಕತ್ತರಿಸುವ ಅಂಶ ಗ್ರಂಥಿಯೊಳಗೆ ನಿಷ್ಕ್ರಿಯವಾಗಿಯೇ ಇರುತ್ತದೆ, ಕರುಳಿಗೆ ಬಂದ ಮೇಲಷ್ಟೇ ಚುರುಕಾಗುತ್ತದೆ. ಆ ವರ್ಷದ ಕೊನೆಗೆ ಅವರು ಕಸಾಯಿಖಾನೆಯಿಂದ ತಂದ ದನಗಳ ಇಡೀ ಗ್ರಂಥಿಯನ್ನೇ ಆಲ್ಕೋಹಾಲಿನಲ್ಲಿ ಅರೆದು ಸಾರ ತೆಗೆದರು. ಅದೂ ಕೆಲಸ ಮಾಡಿತು. ಯೋಚನೆ ತಪ್ಪಿದ್ದರೂ ಗುರಿ ಮುಟ್ಟಿದ್ದು ಹೇಗೆ? ಪ್ರತಿ ಹೆಜ್ಜೆಯಲ್ಲೂ ಸಕ್ಕರೆಯನ್ನು ಅಳೆದು ನೋಡಿದ್ದರಿಂದ. ಯಾವುದೇ ಮನೆಮದ್ದಿನ ಸಂದೇಶ ಬಂದಾಗಲೂ ಕೇಳಬೇಕಾದ ಪ್ರಶ್ನೆ ಇದೇ: ಅಳೆದು ನೋಡಿದವರು ಯಾರು, ಎಷ್ಟು ಜನರಲ್ಲಿ, ಎಷ್ಟು ದಿನ?

1921ರ ಡಿಸೆಂಬರಿನಲ್ಲಿ ಜೇಮ್ಸ್ ಕಾಲಿಪ್ ಎಂಬ ಜೀವರಸಾಯನ ವಿಜ್ಞಾನಿ ತಂಡ ಸೇರಿದರು. ಸಾರವನ್ನು ಮನುಷ್ಯರಿಗೆ ಕೊಡುವಷ್ಟು ಶುದ್ಧಗೊಳಿಸುವ ಕೆಲಸ ಅವರದು.

ಹಾಗಾದರೆ ಆ ವಾರ್ಡಿನಲ್ಲಿ ನಿಜವಾಗಿ ನಡೆದದ್ದೇನು?

1922ರ ಜನವರಿ 11. ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ ಹುಡುಗ ಸಾವಿನಂಚಿನಲ್ಲಿದ್ದ. ಹದಿಹರೆಯದ ಹುಡುಗನ ತೂಕ ಸುಮಾರು 29 ಕೆ.ಜಿ. ಮಾತ್ರ. ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಕಂದು ಬಣ್ಣದ ಸಾರವನ್ನು ಅವನಿಗೆ ಚುಚ್ಚಿದರು. ಸಕ್ಕರೆ ಸ್ವಲ್ಪ ಇಳಿಯಿತು, ಆದರೆ ಕೀಟೋನ್ ಹಾಗೆಯೇ ಉಳಿಯಿತು. ಚುಚ್ಚಿದ ಜಾಗದಲ್ಲಿ ಬಾವು ಬಂತು. ಚಿಕಿತ್ಸೆ ನಿಲ್ಲಿಸಬೇಕಾಯಿತು.

ಕಾಲಿಪ್ ಹಗಲು ರಾತ್ರಿ ಕೂತು ಸಾರವನ್ನು ಶುದ್ಧಗೊಳಿಸಿದರು. ಹನ್ನೆರಡು ದಿನದ ನಂತರ, ಜನವರಿ 23ರಂದು, ಹೊಸ ಸಾರ ಕೊಟ್ಟರು. ಲೆನಾರ್ಡನ ರಕ್ತದ ಸಕ್ಕರೆ 520ರಿಂದ 120ಕ್ಕೆ ಇಳಿಯಿತು. ಮೂತ್ರದಲ್ಲಿ ಕೀಟೋನ್ ಮಾಯವಾಯಿತು. ಹುಡುಗನ ಮುಖದಲ್ಲಿ ಕಳೆ ಬಂತು. ಅವನು ಇನ್ನೂ 13 ವರ್ಷ ಬದುಕಿ, 1935ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ.

ಐವತ್ತು ಮಕ್ಕಳ ಕೋಮಾ ವಾರ್ಡಿನ ಕಥೆಗೂ ಇದಕ್ಕೂ ಎಷ್ಟು ಅಂತರ ನೋಡಿ. ಆಗ ಒಬ್ಬ ರೋಗಿಗೆ ಬೇಕಾದಷ್ಟು ಇನ್ಸುಲಿನ್ ತಯಾರಿಸುವುದೇ ಹರಸಾಹಸವಾಗಿತ್ತು. ಆ ವರ್ಷದ ವಸಂತದಲ್ಲಿ ಸಾರ ತೆಗೆಯುವ ವಿಧಾನವೇ ಕೈಕೊಟ್ಟು ಕೆಲಕಾಲ ಇನ್ಸುಲಿನ್ನಿಗೆ ಬರ ಬಂದಿತ್ತು. ಅಲ್ಲದೆ ಮಧುಮೇಹದ ಕೋಮಾದಲ್ಲಿರುವವರು ಒಂದು ಸೂಜಿಗೆ ಕೆಲವೇ ನಿಮಿಷದಲ್ಲಿ ಎದ್ದು ಕೂರುವುದಿಲ್ಲ. ಇಂದಿಗೂ ಐಸಿಯುನಲ್ಲಿ ಡ್ರಿಪ್ ಹಾಕಿ, ಇನ್ಸುಲಿನ್ ಕೊಟ್ಟು, ಗಂಟೆಗಟ್ಟಲೆ ಕಾದು ನೋಡಬೇಕಾಗುತ್ತದೆ. ನಿಜ ಕಥೆಯಲ್ಲಿ ಇರುವುದು ಒಬ್ಬ ಹುಡುಗ, ಒಂದು ಸೋಲು, ಹನ್ನೆರಡು ದಿನದ ದುಡಿಮೆ, ಆಮೇಲೆ ಗೆಲುವು.

ದ್ವೀಪದಿಂದ ಬಂದ ಹೆಸರು, ಒಂದು ಡಾಲರ್ ಬೆಲೆ

ತಂಡದೊಳಗೆ ಎಲ್ಲವೂ ಸರಿಯಿರಲಿಲ್ಲ. ಶುದ್ಧಗೊಳಿಸುವ ವಿಧಾನ ಹಂಚಿಕೊಳ್ಳುವ ವಿಷಯದಲ್ಲಿ ಬ್ಯಾಂಟಿಂಗ್ ಮತ್ತು ಕಾಲಿಪ್ ನಡುವೆ ಜಗಳ ಕೈ ಮಿಲಾಯಿಸುವ ಮಟ್ಟಕ್ಕೆ ಹೋಯಿತು. 1922ರ ಮೇ ತಿಂಗಳಲ್ಲಿ ಮ್ಯಾಕ್ಲಿಯೋಡ್ ಅಮೆರಿಕದ ವೈದ್ಯರ ಸಭೆಯಲ್ಲಿ ಈ ಶೋಧವನ್ನು ಮಂಡಿಸಿದಾಗ ಬ್ಯಾಂಟಿಂಗ್ ಆಗಲಿ ಬೆಸ್ಟ್ ಆಗಲಿ ಅಲ್ಲಿರಲಿಲ್ಲ. ಅಲ್ಲಿ ಬಳಸಿದ ಹೆಸರು ಇನ್ಸುಲಿನ್. ಲ್ಯಾಟಿನ್ ಭಾಷೆಯಲ್ಲಿ ದ್ವೀಪಕ್ಕೆ ಇನ್ಸುಲಾ ಎನ್ನುತ್ತಾರೆ. ಆ ಪುಟ್ಟ ದ್ವೀಪಗಳಿಂದ ಬಂದದ್ದಕ್ಕೆ ಆ ಹೆಸರು.

ಇನ್ಸುಲಿನ್ ಕಂಪನಿಗಳು ಹುಟ್ಟುಹಾಕಿದ ಮೋಸ ಎನ್ನುವವರು ಒಂದು ಸಂಗತಿ ತಿಳಿದಿರಬೇಕು. 1923ರ ಜನವರಿಯಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಇನ್ಸುಲಿನ್ನಿನ ಅಮೆರಿಕನ್ ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಯಾರೂ ಇದರ ಮೇಲೆ ಏಕಸ್ವಾಮ್ಯ ಸಾಧಿಸಬಾರದು, ಕಳಪೆ ಮಾಲು ಮಾರುಕಟ್ಟೆಗೆ ಬರಬಾರದು ಎಂಬುದು ಉದ್ದೇಶ. ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಅಮೆರಿಕದ ಇಲೈ ಲಿಲಿ ಕಂಪನಿ ಕೈಜೋಡಿಸಿತು. ಡೆನ್ಮಾರ್ಕಿನ ನೊಬೆಲ್ ವಿಜ್ಞಾನಿ ಆಗಸ್ಟ್ ಕ್ರೋಗ್, ತಮ್ಮ ಪತ್ನಿಗೂ ಮಧುಮೇಹ ಇದ್ದುದರಿಂದ, ಟೊರಾಂಟೊಗೆ ಬಂದು ಅನುಮತಿ ಪಡೆದು ತಮ್ಮ ದೇಶದಲ್ಲೂ ತಯಾರಿಕೆ ಶುರು ಮಾಡಿದರು. ಇಂದು ಹಲವು ದೇಶಗಳಲ್ಲಿ ಇನ್ಸುಲಿನ್ ದುಬಾರಿಯಾಗಿರುವುದು ನಿಜವಾದ ಸಮಸ್ಯೆ, ಅದರ ಬಗ್ಗೆ ದನಿ ಎತ್ತಲೇಬೇಕು. ಆದರೆ ಬೆಲೆಯ ಮೇಲಿನ ಸಿಟ್ಟಿಗೆ ಔಷಧವನ್ನೇ ಸುಳ್ಳು ಎನ್ನುವುದು ನ್ಯಾಯವಲ್ಲ.

ಎಲಿಜಬೆತ್ ಮುಚ್ಚಿಟ್ಟ ಗುಟ್ಟು

1922ರ ಆಗಸ್ಟಿನಲ್ಲಿ ಬ್ಯಾಂಟಿಂಗ್ ಬಳಿಗೆ ಎಲಿಜಬೆತ್ ಹ್ಯೂಸ್ ಎಂಬ ಹುಡುಗಿ ಬಂದಳು. ಅವಳ ತಂದೆ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಆಗ ಅಮೆರಿಕದ ವಿದೇಶಾಂಗ ಸಚಿವರು. 11ನೇ ವಯಸ್ಸಿನಲ್ಲಿ ಕಾಯಿಲೆ ಗೊತ್ತಾಗಿ, ಮೂರು ವರ್ಷ ಡಾ. ಆಲನ್ ಅವರ ಪಥ್ಯದಲ್ಲಿ ಅವಳು ಜೀವ ಹಿಡಿದಿದ್ದಳು. ಹತ್ತಿರ ಹತ್ತಿರ 15 ವರ್ಷದ ಹುಡುಗಿಯ ತೂಕ ಬರೀ 20 ಕೆ.ಜಿ. ನಡೆಯಲೂ ತ್ರಾಣವಿರಲಿಲ್ಲ. ಇನ್ಸುಲಿನ್ ಶುರುವಾದ ಮೇಲೆ ವರ್ಷಗಳ ನಂತರ ಮೊದಲ ಬಾರಿ ಬ್ರೆಡ್ಡು, ಆಲೂಗಡ್ಡೆ ತಿಂದಳು. ವಾರ ವಾರಕ್ಕೂ ತೂಕ ಏರಿತು. ಆ ವರ್ಷದ ಕೊನೆಗೆ ಮನೆಗೆ ಮರಳಿದಳು.

ಎಲಿಜಬೆತ್ ಮುಂದೆ ಕಾಲೇಜು ಓದಿದರು, ಮದುವೆಯಾದರು, ಮೂರು ಮಕ್ಕಳ ತಾಯಿಯಾದರು. 1981ರಲ್ಲಿ, 73ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರು ಸುಮಾರು 42,000 ಇಂಜೆಕ್ಷನ್ ತೆಗೆದುಕೊಂಡಿದ್ದರು ಎಂಬ ಅಂದಾಜಿದೆ. ಇನ್ಸುಲಿನ್ ವಿಷವಾಗಿದ್ದರೆ 58 ವರ್ಷ ಹೀಗೆ ಬದುಕಲು ಆಗುತ್ತಿತ್ತೇ?

ಅವರ ಬದುಕಿನಲ್ಲಿ ಇನ್ನೊಂದು ವಿಚಾರವಿದೆ. ತಮಗೆ ಮಧುಮೇಹ ಇದೆ ಎಂಬುದನ್ನು ಅವರು ಜೀವಮಾನವಿಡೀ ಹೆಚ್ಚಿನವರಿಂದ ಮುಚ್ಚಿಟ್ಟರು. ಜನ ತಮ್ಮನ್ನು ರೋಗಿಯಂತೆ ನೋಡುವುದು ಅವರಿಗೆ ಬೇಕಿರಲಿಲ್ಲ. ನಮ್ಮಲ್ಲೂ ಹೆಣ್ಣುಮಕ್ಕಳಿಗೆ ಟೈಪ್ 1 ಇದ್ದರೆ ಮದುವೆಯ ಚಿಂತೆಯಿಂದ ಮನೆಯವರು ಬಾಯಿ ಬಿಡುವುದಿಲ್ಲ. ಶಾಲೆಗೂ ಹೇಳುವುದಿಲ್ಲ. ಮಗುವಿಗೆ ತರಗತಿಯಲ್ಲಿ ಸಕ್ಕರೆ ಇಳಿದು ತಲೆ ಸುತ್ತಿದರೆ ಏನು ಮಾಡಬೇಕೆಂದು ಟೀಚರಿಗೆ ಗೊತ್ತಿರುವುದಿಲ್ಲ. ಔಷಧ ಸಿಕ್ಕಿ ನೂರು ವರ್ಷವಾದರೂ ನಾಚಿಕೆಗೆ ಔಷಧ ಸಿಕ್ಕಿಲ್ಲ.

ನೊಬೆಲ್, ಕುಂಚ ಮತ್ತು ಕೊನೆಯ ಹಾರಾಟ

1923ರ ನೊಬೆಲ್ ಪ್ರಶಸ್ತಿ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯೋಡ್ ಇಬ್ಬರಿಗೆ ಬಂತು. ಬೆಸ್ಟ್ ಹೆಸರು ಬಿಟ್ಟುಹೋದದ್ದಕ್ಕೆ ಬ್ಯಾಂಟಿಂಗ್ ಕೆಂಡವಾದರು. ತಮ್ಮ ಪಾಲಿನ ಹಣದ ಅರ್ಧವನ್ನು ಬೆಸ್ಟ್ ಅವರಿಗೆ ಕೊಟ್ಟರು. ಮ್ಯಾಕ್ಲಿಯೋಡ್ ತಮ್ಮ ಅರ್ಧವನ್ನು ಕಾಲಿಪ್ ಅವರಿಗೆ ಕೊಟ್ಟರು. ರೊಮೇನಿಯಾದ ನಿಕೊಲಾಯ್ ಪೌಲೆಸ್ಕು 1921ರಲ್ಲೇ ಇಂಥದ್ದೇ ಸಾರದ ಬಗ್ಗೆ ಪ್ರಬಂಧ ಪ್ರಕಟಿಸಿದ್ದರು, ಅವರಿಗೆ ಪಾಲು ಸಿಗಲಿಲ್ಲ. ಆದ್ದರಿಂದ ಇನ್ಸುಲಿನ್ ಒಬ್ಬರೇ ಕಂಡುಹಿಡಿದದ್ದು ಎನ್ನುವುದೂ ಅರ್ಧ ಸತ್ಯ. ಹಲವರು ಹಾಕಿದ ಮೆಟ್ಟಿಲಿನ ಮೇಲೆ ನಾಲ್ವರು ಹತ್ತಿ ನಿಂತದ್ದು ಎನ್ನುವುದು ಹೆಚ್ಚು ಸರಿ.

ಆಗ ಬ್ಯಾಂಟಿಂಗ್ ಅವರಿಗೆ ಇನ್ನೂ 32 ವರ್ಷ. ವೈದ್ಯಕೀಯ ನೊಬೆಲ್ ಪಡೆದವರಲ್ಲಿ ಅಷ್ಟು ಕಿರಿಯರು ಇಂದಿಗೂ ಬೇರೆ ಇಲ್ಲ. ಕೆನಡಾ ಸಂಸತ್ತು ಅವರಿಗೆ ಜೀವನಪರ್ಯಂತ ವರ್ಷಾಶನ ಮಂಜೂರು ಮಾಡಿತು. 1934ರಲ್ಲಿ ಸರ್ ಪದವಿ ಬಂತು. ಆದರೆ ಕೀರ್ತಿ ಅವರಿಗೆ ಹೊರೆಯೇ ಆಯಿತು. ಕ್ಯಾನ್ಸರ್, ಗಣಿ ಕಾರ್ಮಿಕರ ಶ್ವಾಸಕೋಶದ ಕಾಯಿಲೆ ಮುಂತಾದ ವಿಷಯಗಳಲ್ಲಿ ಸಂಶೋಧನೆ ಮಾಡಿದರೂ ಇನ್ಸುಲಿನ್‌ನಂಥ ಇನ್ನೊಂದು ಗೆಲುವು ಸಿಗಲಿಲ್ಲ. ಮೊದಲ ಮದುವೆ ವಿಚ್ಛೇದನದಲ್ಲಿ ಮುಗಿಯಿತು. ಮನಸ್ಸಿಗೆ ನೆಮ್ಮದಿ ಸಿಗುತ್ತಿದ್ದುದು ಚಿತ್ರ ಬರೆಯುವುದರಲ್ಲಿ. ಹೆಸರಾಂತ ಚಿತ್ರಕಾರ ಎ.ವೈ. ಜಾಕ್ಸನ್ ಅವರ ಜೊತೆ ಹಿಮದ ನಾಡುಗಳಿಗೆ ಹೋಗಿ ಬಣ್ಣ ಹಚ್ಚುತ್ತಾ ಕೂರುತ್ತಿದ್ದರು.

ಎರಡನೇ ಮಹಾಯುದ್ಧ ಬಂದಾಗ ಮತ್ತೆ ಸೇವೆಗೆ ಇಳಿದು, ವಿಮಾನ ಹಾರಿಸುವವರ ದೇಹದ ಮೇಲಾಗುವ ಪರಿಣಾಮಗಳ ಸಂಶೋಧನೆಗೆ ನೆರವಾದರು. 1941ರ ಫೆಬ್ರವರಿಯಲ್ಲಿ ಆ ಕೆಲಸದ ಮೇಲೆ ಇಂಗ್ಲೆಂಡಿಗೆ ಹೊರಟ ಅವರ ವಿಮಾನ ನ್ಯೂಫೌಂಡ್‌ಲ್ಯಾಂಡಿನಲ್ಲಿ ಎಂಜಿನ್ ಕೆಟ್ಟು ಬಿತ್ತು. ಪೈಲಟ್ ಒಬ್ಬರೇ ಬದುಕುಳಿದರು. ಫೆಬ್ರವರಿ 21ರಂದು ಬ್ಯಾಂಟಿಂಗ್ ತೀರಿಕೊಂಡರು. ಅವರಿಗೆ ಆಗ 49 ವರ್ಷ.

ಈ ಕಥೆಯಿಂದ ನಮ್ಮ ಮನೆಗೆ ಬೇಕಾದ ಉತ್ತರಗಳು

ಇನ್ಸುಲಿನ್ ಚಟವೇ? ಅಲ್ಲ. ದೇಹದಲ್ಲಿ ಇಲ್ಲದ್ದನ್ನು ತುಂಬಿಕೊಡುವುದು ಚಟವಾಗುವುದಿಲ್ಲ. ಟೈಪ್ 1 ಇರುವವರಿಗೆ ಅದು ಜೀವನಪೂರ್ತಿ ಬೇಕು, ಯಾಕೆಂದರೆ ಅವರ ದೇಹ ಅದನ್ನು ತಯಾರಿಸುವುದೇ ಇಲ್ಲ. ಟೈಪ್ 2 ಇರುವವರಲ್ಲಿ ಸೋಂಕು, ಆಪರೇಷನ್, ಬಸಿರಿನಂಥ ಸಮಯದಲ್ಲಿ ಕೊಟ್ಟು ಆಮೇಲೆ ವೈದ್ಯರೇ ನಿಲ್ಲಿಸುವುದೂ ಉಂಟು.

ಇನ್ಸುಲಿನ್ ಬರೆದುಕೊಟ್ಟರೆ ಕೊನೆಯ ಹಂತವೇ? ಅಲ್ಲ. ಟೈಪ್ 2ರಲ್ಲಿ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ವರ್ಷಗಳು ಕಳೆದಂತೆ ಗ್ರಂಥಿಯೂ ದಣಿಯುತ್ತದೆ. ಆಗ ಮಾತ್ರೆಗಳ ಜೊತೆ ಇನ್ಸುಲಿನ್ ಬೇಕಾಗಬಹುದು. ಅದು ರೋಗಿಯ ತಪ್ಪೂ ಅಲ್ಲ, ಶಿಕ್ಷೆಯೂ ಅಲ್ಲ.

ಕಣ್ಣು, ಕಿಡ್ನಿ ಹೋಗುವುದು ಇನ್ಸುಲಿನ್ನಿಂದಲೇ? ಅಲ್ಲ. ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದ ಸಕ್ಕರೆಯಿಂದ. ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಇರುವ 1,441 ಜನರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಇನ್ಸುಲಿನ್ನಿನಿಂದ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಕಣ್ಣು, ಕಿಡ್ನಿ, ನರಗಳ ತೊಂದರೆ ಬಹಳ ಕಡಿಮೆಯಾಗಿದ್ದು ಕಂಡುಬಂತು. ಅನೇಕರು ಇನ್ಸುಲಿನ್ನಿಗೆ ಹೆದರಿ ತಡಮಾಡುತ್ತಾರೆ. ತಡವಾಗಿ ಶುರು ಮಾಡುವ ಹೊತ್ತಿಗೆ ಹಾನಿ ಆಗಿರುತ್ತದೆ, ಅಪವಾದ ಮಾತ್ರ ಇನ್ಸುಲಿನ್ ಮೇಲೆ ಬರುತ್ತದೆ.

ಇನ್ಸುಲಿನ್ ಗಿಡದ ಎಲೆ ತಿಂದರೆ ಸಾಕೇ? ನಮ್ಮ ಹಿತ್ತಿಲುಗಳಲ್ಲಿ ಬೆಳೆಯುವ ಆ ಗಿಡಕ್ಕೆ ಹೆಸರು ಕೊಟ್ಟವರು ಜನ. ಅದು ಇನ್ಸುಲಿನ್ನಿನ ಜಾಗ ತುಂಬುವುದಿಲ್ಲ. ಇನ್ಸುಲಿನ್ ಒಂದು ಪ್ರೋಟೀನ್. ಬಾಯಿಯಿಂದ ನುಂಗಿದರೆ ಬೇಳೆಯ ಪ್ರೋಟೀನಿನಂತೆ ಅದೂ ಜೀರ್ಣವಾಗಿ ಹೋಗುತ್ತದೆ. ಅದಕ್ಕೇ ಚರ್ಮದ ಕೆಳಗೆ ಚುಚ್ಚಬೇಕಾಗಿರುವುದು. ಎಲೆ, ಬೆಂಡೆಕಾಯಿ ನೀರು, ಹಾಗಲಕಾಯಿ ರಸ ಯಾವುದೂ ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ನಿನ ಬದಲಿಯಲ್ಲ.

ಹಾಗಾದರೆ ಇನ್ಸುಲಿನ್ನಿಗೆ ಅಪಾಯವೇ ಇಲ್ಲವೇ? ಇದೆ. ಡೋಸ್ ಹೆಚ್ಚಾದರೆ ಅಥವಾ ಚುಚ್ಚಿಕೊಂಡು ಊಟ ಬಿಟ್ಟರೆ ಸಕ್ಕರೆ ವಿಪರೀತ ಇಳಿಯುತ್ತದೆ. ಬೆವರು, ನಡುಕ, ಎದೆಬಡಿತ, ತಲೆಸುತ್ತು ಇದರ ಗುರುತು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ತಕ್ಷಣ ಮೂರು ಚಮಚ ಸಕ್ಕರೆ ಕದಡಿದ ನೀರು ಅಥವಾ ಗ್ಲೂಕೋಸ್ ಕೊಡಬೇಕು. ಕಾಲು ಗಂಟೆ ಬಿಟ್ಟು ಮತ್ತೆ ಅಳೆಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಇನ್ಸುಲಿನ್ ಇನ್ನೂ ಪ್ರಾಣಿಗಳಿಂದ ತೆಗೆಯುತ್ತಾರೆಯೇ? ಈಗ ಬಳಕೆಯಲ್ಲಿರುವ ಇನ್ಸುಲಿನ್ ಬಹುತೇಕ ಹಾಗಲ್ಲ. 1978ರಲ್ಲಿ ಮನುಷ್ಯರ ಇನ್ಸುಲಿನ್ನಿನ ಜೀನನ್ನು ಬ್ಯಾಕ್ಟೀರಿಯಾಗೆ ಸೇರಿಸಿ ತಯಾರಿಸುವ ವಿಧಾನ ಸಿದ್ಧವಾಯಿತು. 1982ರಿಂದ ಅದು ಮಾರುಕಟ್ಟೆಯಲ್ಲಿದೆ.

ಇನ್ನೂ ಉರಿಯುತ್ತಿರುವ ದೀಪ

ಇನ್ಸುಲಿನ್ ಮಧುಮೇಹವನ್ನು ಬುಡಸಮೇತ ಕಿತ್ತುಹಾಕುವುದಿಲ್ಲ ಎಂಬುದು ಬ್ಯಾಂಟಿಂಗ್ ಅವರಿಗೂ ಗೊತ್ತಿತ್ತು, ಅದನ್ನು ಅವರು ಬಹಿರಂಗವಾಗಿಯೇ ಹೇಳಿದ್ದರು. ಅದು ಗುಣಪಡಿಸುವ ಮದ್ದಲ್ಲ, ಬದುಕಿಸುವ ಚಿಕಿತ್ಸೆ. ಟೈಪ್ 2 ಇರುವ ಕೆಲವರು ತೂಕ ಇಳಿಸಿ, ವೈದ್ಯರ ನಿಗಾದಲ್ಲಿ ಔಷಧ ಕಡಿಮೆ ಮಾಡಿಕೊಳ್ಳುವುದು ಸಾಧ್ಯ. ಆದರೆ ಟೈಪ್ 1ರಲ್ಲಿ ಆ ದಾರಿ ಇಲ್ಲ.

ರೋಗಿಗಳಿಲ್ಲದೆ ಕೂತಿದ್ದ, ರಾತ್ರಿ 2 ಗಂಟೆಗೆ ಎದ್ದು ಯೋಚನೆ ಗೀಚಿದ್ದ ಆ ಮನೆ ಈಗ ವಸ್ತುಸಂಗ್ರಹಾಲಯ. ಅದರ ಪಕ್ಕದಲ್ಲಿ 1989ರಲ್ಲಿ ಇಂಗ್ಲೆಂಡಿನ ರಾಜಮಾತೆ ಒಂದು ಜ್ಯೋತಿ ಹಚ್ಚಿದರು. ಮಧುಮೇಹವನ್ನು ಪೂರ್ತಿ ಗುಣಪಡಿಸುವ ಮದ್ದು ಸಿಕ್ಕ ದಿನ ಅದನ್ನು ಆರಿಸಬೇಕೆಂಬ ಸಂಕಲ್ಪ. ಆ ದೀಪ ಇನ್ನೂ ಉರಿಯುತ್ತಿದೆ.

ಏಳು ದಿನದಲ್ಲಿ ಸಕ್ಕರೆ ಕಾಯಿಲೆ ಮಾಯ, ಇನ್ಸುಲಿನ್ ಬಿಸಾಡಿ ಎಂಬ ಸಂದೇಶ ಮುಂದಿನ ಬಾರಿ ನಿಮ್ಮ ಗುಂಪಿಗೆ ಬಂದರೆ ಈ ದೀಪವನ್ನು ನೆನಪಿಸಿಕೊಳ್ಳಿ. ನಿಮ್ಮ ಗುಂಪಿನಲ್ಲಿ ಇನ್ಸುಲಿನ್ ಮೇಲೆ ಬದುಕಿರುವ ಒಬ್ಬ ಮಗು, ಒಬ್ಬ ಅಜ್ಜಿ ಇದ್ದೇ ಇರುತ್ತಾರೆ. ನೀವು ಒತ್ತುವ ಒಂದು ಫಾರ್ವರ್ಡ್ ಅವರ ಮನೆಯ ಫ್ರಿಜ್ಜಿನಲ್ಲಿರುವ ಬಾಟಲಿಯನ್ನು ಕಸದ ಬುಟ್ಟಿಗೆ ಸೇರಿಸಬಹುದು. ಡೋಸ್ ಬದಲಿಸುವುದಾಗಲಿ ನಿಲ್ಲಿಸುವುದಾಗಲಿ ವೈದ್ಯರನ್ನು ಕೇಳಿಯೇ ಆಗಬೇಕು. ಕಳಿಸುವುದೇ ಆದರೆ, ಲೆನಾರ್ಡ್ ಮತ್ತು ಎಲಿಜಬೆತ್ ಅವರ ಈ ನಿಜ ಕಥೆಯನ್ನು ಕಳಿಸಿ.